ಶೆಡ್ಡಿನ ಮಕ್ಕಳಿಗೆ ಮೊದಲ ಬಾಗಿಲು

ಸರ್ಜಾಪುರ ರಸ್ತೆ, ವರ್ತೂರು, ಹೊರಮಾವು, ತಣಿಸಂದ್ರ. ಬೆಂಗಳೂರಿನ ಯಾವ ಅಂಚಿಗೆ ಹೋದರೂ ಎತ್ತರದ ಅಪಾರ್ಟ್‌ಮೆಂಟುಗಳ ಹಿಂದಿನ ಖಾಲಿ ಸೈಟಿನಲ್ಲಿ ನೀಲಿ ಟಾರ್ಪಾಲಿನ ಶೆಡ್ಡುಗಳು ಕಾಣಸಿಗುತ್ತವೆ. ಒಂದು ಸಾಲಿನಲ್ಲಿ ಯಾದಗಿರಿ, ರಾಯಚೂರಿನಿಂದ ಗಾರೆ ಕೆಲಸಕ್ಕೆ ಬಂದವರು. ಅವರಲ್ಲಿ ಕೆಲವರ ಮನೆಮಾತು ಲಂಬಾಣಿ. ಪಕ್ಕದ ಸಾಲಿನಲ್ಲಿ ಬಂಗಾಳಿ, ಒಡಿಯಾ ಆಡುವವರು. ಅಲ್ಲಿನ ನಾಲ್ಕು ವರ್ಷದ ಮಗು ಅಮ್ಮನ ಹತ್ತಿರ ಒಂದು ಮಾತು, ಓರಗೆಯವರ ಹತ್ತಿರ ಇನ್ನೊಂದು, ಮೇಸ್ತ್ರಿಯ ಹತ್ತಿರ ಮುರುಕು ಹಿಂದಿ ಆಡುತ್ತಾ ಬೆಳೆಯುತ್ತದೆ. ಮಕ್ಕಳಿಗೆ ಅದೊಂದು ಕಷ್ಟವೇ ಅಲ್ಲ. ಕಷ್ಟವಿರುವುದು ದೊಡ್ಡವರಿಗೆ. ಮಗುವಿಗೆ ಲಸಿಕೆ ಎಲ್ಲಿ ಹಾಕಿಸಬೇಕು, ಊಟ ಎಲ್ಲಿ ಸಿಗುತ್ತದೆ, ಯಾವ ಶಾಲೆ ಸೇರಿಸಿಕೊಳ್ಳುತ್ತದೆ ಎಂದು ಕೇಳಲು ಅವರಲ್ಲಿ ಹಲವರಿಗೆ ಊರಿನ ಭಾಷೆ ಬಾರದು, ಕೇಳಬಹುದಾದ ಮನೆ ಯಾವುದೆಂದೂ ಗೊತ್ತಿಲ್ಲ.

ಹಾಗೆ ಕೇಳಬಹುದಾದ ಮನೆ ಒಂದಿದೆ. ಹಲವು ಬಡಾವಣೆಗಳಲ್ಲಿ ಇದೆ. ಅದು ಅಂಗನವಾಡಿ.

ಅಂಗನವಾಡಿ ಎಂದರೆ ಮಧ್ಯಾಹ್ನ ಉಪ್ಪಿಟ್ಟು ಹಂಚುವ ಜಾಗ ಎಂದುಕೊಂಡವರೇ ನಮ್ಮಲ್ಲಿ ಹೆಚ್ಚು. ಸಮಗ್ರ ಶಿಶು ಅಭಿವೃದ್ಧಿ ಯೋಜನೆ 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಪ್ರಾಯೋಗಿಕವಾಗಿ ಆರಂಭವಾದಾಗ ಕರ್ನಾಟಕದಲ್ಲಿ ಅದಕ್ಕೆ ಆಯ್ಕೆಯಾದದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ. ಪೂರಕ ಆಹಾರ, ಶಾಲಾಪೂರ್ವ ಶಿಕ್ಷಣ, ಲಸಿಕೆ, ಆರೋಗ್ಯ ತಪಾಸಣೆ, ತಾಯಂದಿರಿಗೆ ತಿಳಿವಳಿಕೆ, ಅಗತ್ಯವಿದ್ದರೆ ಆಸ್ಪತ್ರೆಗೆ ಕಳಿಸಿಕೊಡುವುದು, ಹೀಗೆ ಆರು ಕೆಲಸಗಳನ್ನು ಒಂದೇ ಕೋಣೆಗೆ ತಂದದ್ದು ಆ ಯೋಜನೆಯ ದೊಡ್ಡ ಗುಣ. ಹೊಸ ಊರಿಗೆ ಬಂದ ಕುಟುಂಬಕ್ಕೆ ಆರು ಕಚೇರಿ ಅಲೆಯುವ ಶಕ್ತಿ ಇರುವುದಿಲ್ಲ. ಒಬ್ಬ ಟೀಚರಮ್ಮನ ಪರಿಚಯವಾದರೆ ಆಶಾ ಕಾರ್ಯಕರ್ತೆ ಸಿಗುತ್ತಾರೆ, ಅವರ ಮೂಲಕ ನರ್ಸಮ್ಮ, ಅಲ್ಲಿಂದ ಆರೋಗ್ಯ ಕೇಂದ್ರ.

ಇದು ದಯೆಯ ಮಾತಲ್ಲ, ಹಕ್ಕಿನ ಮಾತು. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯ ಪ್ರಕಾರ ಆರು ತಿಂಗಳಿನಿಂದ ಆರು ವರ್ಷದವರೆಗಿನ ಮಗುವಿಗೆ ಅಂಗನವಾಡಿಯ ಮೂಲಕ ಉಚಿತ ಆಹಾರ ಸಿಗಲೇಬೇಕು. ಗರ್ಭಿಣಿಯರಿಗೂ ಬಾಣಂತಿಯರಿಗೂ ಸಿಗಬೇಕು. ಮಗು ಯಾವ ರಾಜ್ಯದ್ದು, ಮನೆಯಲ್ಲಿ ಯಾವ ಭಾಷೆ ಎಂದು ಕಾಯ್ದೆ ಕೇಳುವುದಿಲ್ಲ. ಇನ್ನೂ ಮುಖ್ಯವಾದ ಮಾತೊಂದಿದೆ, ಅದು ಗೊತ್ತಿರುವವರು ಕಡಿಮೆ. ಆಹಾರದ ಹಕ್ಕಿನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2006ರ ಡಿಸೆಂಬರ್ 13ರಂದು ಕೊಟ್ಟ ಆದೇಶದಂತೆ, ಅಂಗನವಾಡಿ ಇಲ್ಲದ ಜನವಸತಿಯಲ್ಲಿ ಆರು ವರ್ಷದೊಳಗಿನ 40 ಮಕ್ಕಳಿದ್ದರೆ ಅಲ್ಲಿನವರು ಅಂಗನವಾಡಿ ಬೇಕೆಂದು ಕೇಳಬಹುದು. ಕೇಳಿದ ಮೂರು ತಿಂಗಳೊಳಗೆ ಸರ್ಕಾರ ಅದನ್ನು ತೆರೆಯಬೇಕು. ಕೊಳೆಗೇರಿಯವರಿಗೂ ಈ ಹಕ್ಕು ಇದೆ. ನೀಲಿ ಶೆಡ್ಡುಗಳ ದೊಡ್ಡ ಗುಂಪಿನಲ್ಲಿ 40 ಮಕ್ಕಳು ಸಿಗುವುದು ಕಷ್ಟವಲ್ಲ. ಸಿಗದಿರುವುದು ಅರ್ಜಿ ಬರೆಯುವ ಕೈ.

ಇನ್ನು ಭಾಷೆಯ ವಿಷಯ. ಬೆಂಗಳೂರಿನಲ್ಲಿ ಕನ್ನಡ ಮನೆಮಾತಾಗಿರುವವರು ಅರ್ಧಕ್ಕಿಂತ ಕಡಿಮೆ ಎಂಬುದು 2011ರ ಜನಗಣತಿಯ ಲೆಕ್ಕ. ತಮಿಳು, ತೆಲುಗು, ಉರ್ದು ಮನೆಗಳ ಮಕ್ಕಳನ್ನು ಇಲ್ಲಿನ ಅಂಗನವಾಡಿ ಟೀಚರುಗಳು ದಶಕಗಳಿಂದ ಕೂರಿಸಿಕೊಂಡು ಕಲಿಸಿದ್ದಾರೆ. ಅದಕ್ಕೆ ಅವರು ಹೂಡುವ ಉಪಾಯ ಸರಳ. ಮೊದಲು ಹಾಡು, ಆಮೇಲೆ ಆಟ, ಊಟದ ಹೊತ್ತಿನ ಮಾತು. ಅನ್ನ, ನೀರು, ಬಾ, ಕೂರು, ಕೈ ತೊಳೆ. ಹೊಟ್ಟೆಗೆ, ಕೈಗೆ ಸಂಬಂಧಿಸಿದ ಮಾತು ಮಗುವಿಗೆ ಬೇಗ ಹತ್ತುತ್ತದೆ. ಬಂಗಾಳಿ ಮಗುವೊಂದು ಬಂದರೆ, ಮೊದಲೇ ಬಂದ ಇನ್ನೊಂದು ಬಂಗಾಳಿ ಮಗುವನ್ನು ಪಕ್ಕದಲ್ಲಿ ಕೂರಿಸುತ್ತಾರೆ. ತರಬೇತಿಯಲ್ಲಿ ಇಷ್ಟು ವಿವರವಾಗಿ ಹೇಳಿಕೊಡುವವರು ಕಡಿಮೆ, ಅನುಭವವೇ ಹೇಳಿಕೊಟ್ಟಿದೆ.

ಇಲ್ಲಿ ನನ್ನದೊಂದು ಗಟ್ಟಿ ಅಭಿಪ್ರಾಯವಿದೆ. ಮಗು ಕನ್ನಡ ಕಲಿಯಲಿ ಎಂಬ ಆಸೆಯಿಂದ ‘ಮನೆಯಲ್ಲೂ ಕನ್ನಡವೇ ಮಾತಾಡಿ’ ಎಂದು ತಾಯಿಗೆ ಹೇಳುವುದು ತಪ್ಪು. ತನಗೆ ಸರಿಯಾಗಿ ಬಾರದ ಮಾತಿನಲ್ಲಿ ತಾಯಿ ಕತೆ ಹೇಳಲಾರಳು, ಗದರಿಸಲೂ ಆರಳು. ಮನೆಮಾತು ಗಟ್ಟಿಯಾಗಿರುವ ಮಗು ಎರಡನೆಯ ಮಾತನ್ನೂ ಚೆನ್ನಾಗಿ ಹಿಡಿಯುತ್ತದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಐದನೇ ತರಗತಿಯವರೆಗಾದರೂ ಸಾಧ್ಯವಾದಲ್ಲೆಲ್ಲ ಮನೆಮಾತಿನಲ್ಲಿ ಕಲಿಸಬೇಕೆಂದು ಹೇಳಿದೆ. ಸಂವಿಧಾನದ 350ಎ ವಿಧಿ 1956ರಿಂದಲೇ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಕಲಿಕೆಗೆ ಅನುಕೂಲ ಮಾಡಿಕೊಡಿ ಎನ್ನುತ್ತಿದೆ. ಶೆಡ್ಡಿನ ಒಡಿಯಾ ಮಕ್ಕಳಿಗೆ ಒಡಿಯಾ ಶಾಲೆ ತೆರೆಯುವುದು ಸುಲಭವಲ್ಲ, ನಿಜ. ಒಂದು ಒಡಿಯಾ ಕತೆ ಪುಸ್ತಕ ಕೊಡುವುದು ಸುಲಭ. ಬೆಂಗಳೂರಿನದೇ ಪ್ರಥಮ್ ಬುಕ್ಸ್ ಸಂಸ್ಥೆ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ಎಂಬ ಜಾಲತಾಣದಲ್ಲಿ ಬಂಗಾಳಿ, ಒಡಿಯಾ, ಅಸ್ಸಾಮಿ, ನೇಪಾಳಿಯ ಮಕ್ಕಳ ಕತೆಗಳು ಉಚಿತವಾಗಿವೆ. ಎರಡು ಭಾಷೆಗಳಲ್ಲಿ ಒಟ್ಟಿಗೆ ಓದುವ ಪುಸ್ತಕಗಳೂ ಇವೆ. ಫೋನಿನಲ್ಲಿ ತೆರೆದು ತೋರಿಸಿದರೂ ಸಾಕು, ಮಗು ತನ್ನ ಮಾತನ್ನು ಅಕ್ಷರದಲ್ಲಿ ಕಾಣುತ್ತದೆ.

ಕಾಗದಪತ್ರದ ಭಯ ಭಾಷೆಯ ಭಯಕ್ಕಿಂತ ದೊಡ್ಡದು. ‘ಈ ಊರಿನ ಆಧಾರ್ ಇಲ್ಲ, ಟಿ.ಸಿ. ಊರಲ್ಲೇ ಉಳಿದಿದೆ’ ಎಂದು ಹಿಂದೆ ಸರಿಯುವ ತಂದೆತಾಯಂದಿರು ಬಹಳ. ಅವರಿಗೆ ತಿಳಿಹೇಳಬೇಕಾದ ಸಂಗತಿಗಳಿವೆ. ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ವಯಸ್ಸಿನ ದಾಖಲೆ ಇಲ್ಲವೆಂದು, ಟಿ.ಸಿ. ತಡವಾಯಿತೆಂದು ಆರರಿಂದ ಹದಿನಾಲ್ಕರ ಮಗುವನ್ನು ಶಾಲೆ ವಾಪಸು ಕಳಿಸುವಂತಿಲ್ಲ. ಓದು ನಡುವೆ ನಿಂತಿದ್ದರೂ ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿ ವಿಶೇಷ ತರಬೇತಿ ಕೊಡಬೇಕು. ಅಂಗನವಾಡಿಯ ಪೋಷಣ್ ಟ್ರ್ಯಾಕರ್ ಆ್ಯಪಿನಲ್ಲಿ ಒಂದು ಊರಿನ ಫಲಾನುಭವಿಯ ಹೆಸರನ್ನು ಇನ್ನೊಂದು ಊರಿನ ಕೇಂದ್ರಕ್ಕೆ ವರ್ಗಾಯಿಸಬಹುದು. ‘ಒಂದು ದೇಶ, ಒಂದು ಪಡಿತರ ಚೀಟಿ’ ವ್ಯವಸ್ಥೆಯಲ್ಲಿ ಕುಟುಂಬದ ಪಾಲಿನ ಧಾನ್ಯವನ್ನು ಸ್ವಲ್ಪ ಇಲ್ಲಿ, ಉಳಿದದ್ದನ್ನು ಊರಿನಲ್ಲಿರುವ ಅಜ್ಜಿ ತಾತ ಅಲ್ಲಿ ಪಡೆಯಬಹುದು.

ಲಸಿಕೆಯಂತೂ ಯಾವ ಸರ್ಕಾರಿ ಆರೋಗ್ಯ ಕೇಂದ್ರದಲ್ಲೂ ಉಚಿತ. ಊರು ಬದಲಾಯಿಸುವ ಮನೆಗಳಲ್ಲಿ ತಪ್ಪಿಹೋಗುವುದು ಸಾಮಾನ್ಯವಾಗಿ ಒಂಬತ್ತನೇ ತಿಂಗಳಿನ ದಡಾರ–ರುಬೆಲ್ಲಾ ಚುಚ್ಚುಮದ್ದು, ಆಮೇಲೆ ಒಂದೂವರೆ ವರ್ಷದ ಹೊತ್ತಿನ ಬೂಸ್ಟರ್. ಲಸಿಕೆಯ ವಿವರವಿರುವ ‘ತಾಯಿ ಕಾರ್ಡ’ನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಜೋಪಾನವಾಗಿಡಿ ಎಂದು ಹೇಳುವುದೇ ದೊಡ್ಡ ಉಪಕಾರ. ಕಾರ್ಡು ಯಾವ ರಾಜ್ಯದ್ದಾದರೂ ನರ್ಸಮ್ಮ ಅದನ್ನು ಓದಬಲ್ಲರು.

ಅಂಗನವಾಡಿಯ ಕೊರತೆಯನ್ನೂ ಹೇಳದಿದ್ದರೆ ಈ ಪರಿಚಯ ಪ್ರಾಮಾಣಿಕವಾಗದು. ಮೂರು ವರ್ಷದೊಳಗಿನ ಮಕ್ಕಳನ್ನು ಅಲ್ಲಿ ದಿನವಿಡೀ ಇಟ್ಟುಕೊಳ್ಳುವುದಿಲ್ಲ, ಮನೆಗೆ ಆಹಾರದ ಪೊಟ್ಟಣ ಕೊಡುತ್ತಾರೆ. ಸಂಜೆ ನಾಲ್ಕರ ಹೊತ್ತಿಗೆ ಬಾಗಿಲು ಹಾಕುತ್ತದೆ, ಗಾರೆ ಕೆಲಸ ಆರಕ್ಕೂ ಮುಗಿಯುವುದಿಲ್ಲ. ಹಾಗಾಗಿ ಎಂಟು ವರ್ಷದ ಅಕ್ಕ ಶಾಲೆ ಬಿಟ್ಟು ತಮ್ಮನನ್ನು ಎತ್ತಿಕೊಂಡು ಕೂರುತ್ತಾಳೆ. 2025ರವರೆಗೆ ಜಾರಿಯಲ್ಲಿದ್ದ ಕಟ್ಟಡ ಕಾರ್ಮಿಕರ 1996ರ ಕಾಯ್ದೆ 50ಕ್ಕಿಂತ ಹೆಚ್ಚು ಮಹಿಳೆಯರು ದುಡಿಯುವ ಕಡೆ ಆರು ವರ್ಷದೊಳಗಿನ ಮಕ್ಕಳಿಗೆ ಕೋಣೆ ಇರಲೇಬೇಕು ಎನ್ನುತ್ತಿತ್ತು. ಗುತ್ತಿಗೆದಾರರು ಹೆಂಗಸರನ್ನು ಸಣ್ಣ ಸಣ್ಣ ತಂಡಗಳಾಗಿ ತೋರಿಸಿದರೆ ಆ ಸಂಖ್ಯೆ ಎಂದೂ ತುಂಬುತ್ತಿರಲಿಲ್ಲ. ರಾಜ್ಯ ಸರ್ಕಾರದ ‘ಕೂಸಿನ ಮನೆ’ ಒಳ್ಳೆಯ ಯೋಜನೆ. ಅದು ಇರುವುದು ಗ್ರಾಮ ಪಂಚಾಯಿತಿಗಳಲ್ಲಿ. ಮಹಾನಗರದ ಶೆಡ್ಡುಗಳಿಗೂ ಅಂಥದ್ದೊಂದು ಬೇಕೇ ಬೇಕು.

ಇಷ್ಟೆಲ್ಲ ಹೊರುವ ಕಾರ್ಯಕರ್ತೆಗೆ ಸಿಗುವುದು ಇಂದಿಗೂ ಸಂಬಳವಲ್ಲ, ಗೌರವಧನ. ಗ್ರಾಚ್ಯುಟಿಗೆ ಅವರು ಅರ್ಹರು ಎಂದು ಸುಪ್ರೀಂ ಕೋರ್ಟ್ ಹೇಳಬೇಕಾಗಿ ಬಂದದ್ದು 2022ರಲ್ಲಿ. ಹಲವು ಭಾಷೆಯ ಮಕ್ಕಳನ್ನು ಒಟ್ಟಿಗೆ ಕೂರಿಸಿ ಕಲಿಸುವ ಅವರ ಜಾಣ್ಮೆಗೆ ಇಲಾಖೆ ಪ್ರತ್ಯೇಕ ತರಬೇತಿಯನ್ನೂ ಹೆಚ್ಚಿನ ಹಣವನ್ನೂ ಕೊಡಬೇಕು.

ನಿಮ್ಮ ಬೀದಿಯ ಕೊನೆಯಲ್ಲಿ ಶೆಡ್ಡುಗಳಿದ್ದರೆ, ಅಲ್ಲಿನ ಒಬ್ಬ ತಾಯಿಯನ್ನು ಹತ್ತಿರದ ಅಂಗನವಾಡಿಯವರೆಗೆ ಒಮ್ಮೆ ಜೊತೆಗೆ ಕರೆದುಕೊಂಡು ಹೋಗಿ. ಅವಳ ಪರವಾಗಿ ಟೀಚರಮ್ಮನ ಹತ್ತಿರ ಎರಡು ಮಾತು ಕನ್ನಡದಲ್ಲಿ ಆಡಿ. ಹತ್ತಿರದಲ್ಲಿ ಅಂಗನವಾಡಿಯೇ ಇಲ್ಲದಿದ್ದರೆ ಮಕ್ಕಳ ಹೆಸರು, ವಯಸ್ಸು ಬರೆದುಕೊಳ್ಳಿ. 40 ಆದರೆ ಶಿಶು ಅಭಿವೃದ್ಧಿ ಯೋಜನಾಧಿಕಾರಿಗೆ ಅರ್ಜಿ ಬರೆಯಲು ನೆರವಾಗಿ, ಸ್ವೀಕೃತಿ ಪಡೆಯುವುದನ್ನು ಮರೆಯಬೇಡಿ. ಮಗುವೊಂದು ಅಪಾಯದಲ್ಲಿದೆ ಅನ್ನಿಸಿದರೆ ಹಗಲು ರಾತ್ರಿ ಯಾವಾಗಲಾದರೂ 1098ಕ್ಕೆ ಕರೆ ಮಾಡಿ. ಆ ಕರೆಗೆ ಕಾಸು ಬೀಳುವುದಿಲ್ಲ.