ರವದಿಗೆ ಬೆಂಕಿ, ಮಣ್ಣಿಗೆ ಉಪವಾಸ

ಕಬ್ಬು ಕಡಿದಾಯ್ತು, ಟ್ರ್ಯಾಕ್ಟರ್ ತುಂಬಿ ಕಾರ್ಖಾನೆಗೆ ಕಳಿಸಿದ್ದೂ ಆಯ್ತು. ಹೊಲದ ತುಂಬ ಒಣ ರವದಿ ಬಿದ್ದಿದೆ. ಈಗ ಏನು ಮಾಡೋದು? ಒಂದು ಕಡ್ಡಿ ಗೀರಿದರೆ ಸಾಕು, ನೋಡನೋಡುತ್ತಲೇ ಹೊಲ ಸ್ವಚ್ಛ. ಮುಧೋಳ, ಜಮಖಂಡಿ, ಬೀಳಗಿ, ರಬಕವಿ-ಬನಹಟ್ಟಿ ಕಡೆ ಹಂಗಾಮಿನಲ್ಲಿ ಈ ಹೊಗೆ ಹೊಸದೇನಲ್ಲ. ಮುಧೋಳ ತಾಲೂಕಿನ ತಿಮ್ಮಾಪುರದಲ್ಲಿ ರೈತರ ಸಹಕಾರಿ ಸಕ್ಕರೆ ಕಾರ್ಖಾನೆಯೇ ಇದೆ. ಇಲ್ಲಿನವರಿಗೆ ಕಬ್ಬಿನ ಬಿಲ್ಲಿನ ಲೆಕ್ಕ ಯಾರೂ ಹೇಳಿಕೊಡಬೇಕಿಲ್ಲ. ಆದರೆ ಆ ಬೆಂಕಿಯ ಲೆಕ್ಕ ಯಾರಾದರೂ ಬರೆದಿಟ್ಟಿದ್ದಾರಾ?

ಬನ್ನಿ, ಬರೆಯೋಣ. ಎಕರೆಗೆ 40 ಟನ್ ಕಬ್ಬು ಬಂದರೆ ಹೆಚ್ಚುಕಡಿಮೆ 3ರಿಂದ 4 ಟನ್ ರವದಿ ಉಳಿಯುತ್ತೆ. ಅದರಲ್ಲಿ ನೂರಕ್ಕೆ ಸುಮಾರು 0.4 ಪಾಲು ಸಾರಜನಕ. ಅಂದರೆ 4 ಟನ್ನಿಗೆ 16 ಕೆಜಿ. ಇಷ್ಟು ಸಾರಜನಕಕ್ಕೆ ಅಂಗಡಿಯಿಂದ 35 ಕೆಜಿ ಯೂರಿಯಾ ತರಬೇಕು. ಬೆಂಕಿ ಬಿದ್ದರೆ ಇದರ ಬಹುಪಾಲು ಗಾಳಿಪಾಲು. ಬೂದಿಯಲ್ಲಿ ಪೊಟ್ಯಾಷ್ ಉಳಿಯುತ್ತೆ, ನಿಜ. ಆದರೆ ಇಂಗಾಲ? ಅದು ಹೊಗೆಯಾಗಿ ಹೋಯ್ತು. ಅಸಲಿ ನಷ್ಟ ಇರೋದೇ ಅಲ್ಲಿ.

ಸಾವಯವ ಇಂಗಾಲ ಅಂದರೆ ಮಣ್ಣಿನ ಊಟ. ಕೊಳೆತ ಎಲೆ, ಬೇರು, ಸಗಣಿ ಎಲ್ಲವೂ ಸೂಕ್ಷ್ಮಜೀವಿಗಳ ಹೊಟ್ಟೆ ಸೇರಿ, ಕೊನೆಗೆ ಮಣ್ಣಿನ ಕಣಗಳನ್ನು ಹಿಡಿದಿಡುವ ಅಂಟಾಗುತ್ತವೆ. ನಮ್ಮ ಎರೆಮಣ್ಣಿನಲ್ಲಿ ಜೇಡಿ ಜಾಸ್ತಿ. ಅಂಟು ಇದ್ದರೆ ಮಣ್ಣು ಉದುರುದುರಾಗಿ ಬೇರಿಗೆ ಗಾಳಿ, ನೀರು ಎರಡನ್ನೂ ಕೊಡುತ್ತೆ. ಅಂಟು ಹೋದರೆ ನೀರು ಬಿಟ್ಟಾಗ ಕೆಸರು, ಒಣಗಿದಾಗ ಕಲ್ಲು. 2015ರಲ್ಲಿ ಶುರುವಾದ ಮಣ್ಣು ಆರೋಗ್ಯ ಕಾರ್ಡ್ ನಿಮ್ಮ ಮನೆಯಲ್ಲಿದ್ದರೆ ತೆಗೆದು ನೋಡಿ. ಸಾವಯವ ಇಂಗಾಲ 0.5ಕ್ಕಿಂತ ಕೆಳಗಿದ್ದರೆ ಕಡಿಮೆ, 0.75 ದಾಟಿದರೆ ಉತ್ತಮ.

ಇಲ್ಲೊಂದು ತಮಾಷೆ ನೋಡಿ. ಇದೇ ಸಾವಯವ ಪದಾರ್ಥ ಕಂಡರೆ ಹೆದರುವವರೂ ಇದ್ದಾರೆ. ಯಾರು? ಗಾಲ್ಫ್ ಮೈದಾನ ನೋಡಿಕೊಳ್ಳುವವರು! ಚೆಂಡನ್ನು ಗುಂಡಿಗೆ ಉರುಳಿಸುವ ಜಾಗಕ್ಕೆ ಗ್ರೀನ್ ಅಂತಾರೆ. 1960ರಲ್ಲಿ ಅಮೆರಿಕದ ಗಾಲ್ಫ್ ಸಂಸ್ಥೆ ಪ್ರಕಟಿಸಿದ ವಿಧಾನದಂತೆ ಕಟ್ಟಿದ ಗ್ರೀನ್ ಅಂದರೆ ಬಹುತೇಕ ಮರಳಿನ ಹಾಸಿಗೆ. ವರ್ಷಗಳು ಕಳೆದಂತೆ ಸತ್ತ ಬೇರು, ಕಾಂಡ ಮೇಲ್ಪದರದಲ್ಲಿ ತುಂಬಿ ಮರಳಿನ ಸಂದುಗಳನ್ನು ಮುಚ್ಚುತ್ತವೆ. ನೀರು ಇಂಗಲ್ಲ, ನೆಲ ಮೆತ್ತಗಾಗುತ್ತೆ, ಹುಲ್ಲಿಗೆ ರೋಗ ಬರುತ್ತೆ. ಅದಕ್ಕೇ ಅಲ್ಲಿ ಯಂತ್ರದಿಂದ ತೂತು ಹೊಡೆದು ಮತ್ತೆ ಮತ್ತೆ ಮರಳು ತುಂಬುತ್ತಾರೆ. ಅವರಿಗೆ ಬೇಕಿರೋದು ಚೆಂಡು ಉರುಳುವ ನೆಲ, ನಮಗೆ ಬೇಕಿರೋದು ಬೆಳೆ ಬೆಳೆಯುವ ನೆಲ. ಅಲ್ಲಿ ಸಂಗ್ರಹವಾಗೋದು ಕಾಯಿಲೆ. ಇಲ್ಲಿ ಖಾಲಿಯಾಗೋದು ಕಾಯಿಲೆ. ಎರಡೂ ಒಂದು ದಿನದಲ್ಲಿ ಬರಲ್ಲ, ಸದ್ದಿಲ್ಲದೆ ವರ್ಷಗಟ್ಟಲೆ ಬೆಳೆಯುತ್ತವೆ.

ಇದೆಲ್ಲ ಬರೀ ಬಾಯಿಮಾತು ಅಂತೀರಾ? ಇಂಗ್ಲೆಂಡಿನ ರಾಥಮ್‌ಸ್ಟೆಡ್‌ನಲ್ಲಿ 1843ರಿಂದ ಗೋಧಿ ಹೊಲವೊಂದರ ಮೇಲೆ ಪ್ರಯೋಗ ನಡೀತಿದೆ. ಅಲ್ಲಿ ವರ್ಷವರ್ಷ ಕೊಟ್ಟಿಗೆ ಗೊಬ್ಬರ ಉಂಡ ಭಾಗದಲ್ಲಿ, ಏನೂ ಹಾಕದ ಭಾಗಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಇಂಗಾಲವಿದೆ. ಕಬ್ಬಿನದ್ದೇ ಉದಾಹರಣೆ ಬೇಕಾ? ದಕ್ಷಿಣ ಆಫ್ರಿಕಾದ ಮೌಂಟ್ ಎಡ್ಜ್‌ಕೊಂಬ್‌ನಲ್ಲಿ 1939ರಲ್ಲೇ ಶುರು ಮಾಡಿದರು. ಒಂದು ಕಡೆ ಸುಡೋದು, ಇನ್ನೊಂದು ಕಡೆ ರವದಿ ಹಾಗೇ ಬಿಡೋದು. ಬಿಟ್ಟ ಕಡೆ ಮೇಲ್ಮಣ್ಣಿನಲ್ಲಿ ಸಾವಯವ ಪದಾರ್ಥವೂ ಹೆಚ್ಚು, ಸೂಕ್ಷ್ಮಜೀವಿಗಳ ಚಟುವಟಿಕೆಯೂ ಹೆಚ್ಚು.

ಹಾಗಂತ ರೈತನನ್ನು ಬೈಯೋದು ಸುಲಭ, ನಾನು ಬೈಯಲ್ಲ. ಕೂಲಿ ಆಳು ಸಿಗಲ್ಲ. ರವದಿ ಇದ್ದರೆ ಸಾಲಿನಲ್ಲಿ ನೀರು ಹರಿಯಲ್ಲ, ಇಲಿ-ಹಾವಿನ ಭಯ ಬೇರೆ. ಕೂಳೆ ಬೆಳೆಗೆ ಬೇಗ ನೀರು ಕೊಡಬೇಕು. ಇವೆಲ್ಲ ನಿಜವಾದ ಕಷ್ಟಗಳೇ. ಆದರೆ ದಾರಿಯೂ ಇದೆ. ರವದಿ ಪುಡಿ ಮಾಡುವ ಯಂತ್ರ ಹೊಡೆಸಿ, ಇಲ್ಲವೇ ಒಂದು ಸಾಲು ಬಿಟ್ಟು ಒಂದು ಸಾಲಿಗೆ ಹಾಸಿ, ಖಾಲಿ ಸಾಲಿನಲ್ಲಿ ನೀರು ಹಾಯಿಸಿ. ರವದಿಯಲ್ಲಿ ಇಂಗಾಲ ಜಾಸ್ತಿ, ಸಾರಜನಕ ಕಡಿಮೆ. ಹಾಗಾಗಿ ಕೊಳೆಯುವಾಗ ಜೀವಿಗಳು ಬೆಳೆಯ ಪಾಲಿನ ಸಾರಜನಕವನ್ನೇ ಕಸಿಯುತ್ತವೆ. ಅದಕ್ಕೇ ಮೇಲೆ ಸ್ವಲ್ಪ ಯೂರಿಯಾ, ಸಗಣಿ ರಾಡಿ ಅಥವಾ ಕೊಳೆಸುವ ಜೀವಾಣು ಹಾಕಬೇಕು. ಇಷ್ಟು ಮಾಡದೆ, ‘ರವದಿ ಹಾಕಿದೆ, ಕಬ್ಬು ಹಳದಿಯಾಯ್ತು’ ಅಂದರೆ ತಪ್ಪು ರವದಿಯದ್ದಲ್ಲ. ಇನ್ನು ಕಾರ್ಖಾನೆ ಕಡೆ ನೋಡಿ: 100 ಟನ್ ಕಬ್ಬು ಅರೆದರೆ 3-4 ಟನ್ ಪ್ರೆಸ್‌ಮಡ್ ಬರುತ್ತೆ. ಹೊಲದಿಂದ ಹೋದದ್ದು ಕೊಳೆತು ಹೊಲಕ್ಕೇ ವಾಪಸ್ ಬರಲಿ.

ಒಂದು ಎಚ್ಚರಿಕೆ. ಸವಳು-ಜವಳು ಹಿಡಿದ ಹೊಲಕ್ಕೆ ರವದಿ ಒಂದೇ ಮದ್ದಲ್ಲ, ಬಸಿಗಾಲುವೆ ಬೇಕು, ನೀರು ಹಿತಮಿತವಾಗಬೇಕು. ಮತ್ತೆ ತಾಳ್ಮೆಯೂ ಬೇಕು. ನಮ್ಮ ಬಿಸಿಲಿನಲ್ಲಿ ಹಾಕಿದ ಇಂಗಾಲದ ಬಹುಪಾಲು ಕೊಳೆತು ಗಾಳಿಗೇ ಹೋಗುತ್ತೆ, ಮಣ್ಣಿನಲ್ಲಿ ನಿಲ್ಲೋದು ಸಣ್ಣ ಪಾಲು. 0.4 ಇದ್ದದ್ದು 0.5 ಆಗೋಕೆ ವರ್ಷಗಳೇ ಹಿಡಿಯುತ್ತವೆ.

ಕಾರ್ಖಾನೆ ಬಾಕಿ ಉಳಿಸಿಕೊಂಡರೆ ನಾವು ರಸ್ತೆಗಿಳಿದು ಕೇಳ್ತೀವಿ. ಕೇಳಲೇಬೇಕು. ಆದರೆ ಮಣ್ಣಿಗೆ ನಾವೇ ಉಳಿಸಿಕೊಂಡ ಬಾಕಿ? ಅದು ಧರಣಿ ಕೂರಲ್ಲ, ಘೋಷಣೆ ಕೂಗಲ್ಲ. ಒಂದು ದಿನ ಸುಮ್ಮನೆ ಇಳುವರಿ ಕಡಿಮೆ ಮಾಡುತ್ತೆ, ಅಷ್ಟೇ.