ತರೀಕೆರೆ 45

ಅಮೃತಾಪುರಕ್ಕೆ ತರೀಕೆರೆಯಿಂದ ಹತ್ತು ಕಿಲೋಮೀಟರ್ ಆಸುಪಾಸು. ಅಲ್ಲಿನ ಅಮೃತೇಶ್ವರ ಗುಡಿಗೆ ಬಂದವರು ಮಂಟಪದ ಹೊರಗೋಡೆಯ ಮೇಲಿನ ರಾಮಾಯಣ, ಭಾಗವತ, ಮಹಾಭಾರತದ 140 ಫಲಕಗಳನ್ನು ನೋಡುತ್ತ ಒಂದು ಸುತ್ತು ಹಾಕಿ, ಒಳಗಿನ ತಂಪಿಗೆ ಸ್ವಲ್ಪ ಹೊತ್ತು ಕೂರುತ್ತಾರೆ. ಪಕ್ಕದಲ್ಲೇ ನಿಂತಿರುವ ದೊಡ್ಡ ಶಾಸನದ ಕಲ್ಲಿನ ಮುಂದೆ ಒಂದು ಫೋಟೋ. ‘ಇದನ್ನ ಬರೆದದ್ದು ಜನ್ನ’ ಎಂದು ಜೊತೆಗೆ ಬಂದವರಲ್ಲಿ ಯಾರಾದರೊಬ್ಬರು ಹೇಳಿಯೇ ಹೇಳುತ್ತಾರೆ. ನಾನೂ ವಿದ್ಯಾರ್ಥಿಗಳನ್ನು ಕರೆದುಕೊಂಡು ಹೋದಾಗಲೆಲ್ಲ ಹೇಳಿದ್ದೇನೆ.

ಒಂದು ಸಲ ಹಾಗೆ ಹೇಳಿ ಸಿಕ್ಕಿಹಾಕಿಕೊಂಡೆ. ಅಜ್ಜಂಪುರದ ಹುಡುಗಿ, ಎಂ.ಎ. ಕೊನೆಯ ವರ್ಷ, ಈ ಗುಡಿಯ ಮೇಲೆಯೇ ಕಿರುಪ್ರಬಂಧ ಬರೆಯಬೇಕು. ನೋಟ್‌ಬುಕ್ ಬಿಚ್ಚಿಕೊಂಡು ಕೇಳಿದಳು: “ಸಾರ್, ಇದನ್ನ ಜನ್ನ ಬರೆದ ಅಂತ ಮೊದಲು ಹೇಳಿದ್ದು ಯಾರು? ಅಡಿಟಿಪ್ಪಣಿ ಹಾಕ್ಬೇಕು.”

ಜನ್ನನ ಯಶೋಧರ ಚರಿತೆಯನ್ನು ವರ್ಷಗಟ್ಟಲೆ ಪಾಠ ಮಾಡಿದವನು ನಾನು. ‘ಎಲ್ಲರಿಗೂ ಗೊತ್ತಿರೋದೇ ಅಲ್ವೇನಮ್ಮಾ’ ಎಂದು ಬಾಯಿಗೆ ಬಂದಿತ್ತು, ಪುಣ್ಯಕ್ಕೆ ನುಂಗಿಕೊಂಡೆ. ಅಡಿಟಿಪ್ಪಣಿಯಲ್ಲಿ ‘ಎಲ್ಲರಿಗೂ ಗೊತ್ತು’ ಎಂದು ಬರೆಯಲು ಬರುವುದಿಲ್ಲ.

ಮೊದಲು ಫೋನಿನಲ್ಲಿ ಹುಡುಕಿದೆವು. ಹತ್ತಾರು ಕಡೆ ಸಿಕ್ಕಿತು, ಆದರೆ ಸಿಕ್ಕಿದ್ದು ಒಂದೇ ವಾಕ್ಯ. ಒಬ್ಬರದನ್ನು ಇನ್ನೊಬ್ಬರು ಎತ್ತಿಕೊಂಡಿದ್ದರು, ಅಲ್ಪವಿರಾಮವನ್ನೂ ಬಿಡದೆ. ಆಧಾರ ಮಾತ್ರ ಎಲ್ಲೂ ಇಲ್ಲ. ಕೊನೆಗೆ ಒಂದು ಬೆಳಿಗ್ಗೆ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೇ ಹೋಗಿ ಕೂರುವುದೆಂದು ತೀರ್ಮಾನವಾಯಿತು. ನಿವೃತ್ತನಾದ ಮೇಲೆ ನಾನು ಅಂಥ ಕಟ್ಟಡದೊಳಗೆ ಕಾಲಿಟ್ಟಿರಲಿಲ್ಲ. ಕಾರ್ಡುಗಳ ಮರದ ಖಾನೆಗಳು ಹೋಗಿ ಆ ಜಾಗದಲ್ಲಿ ಎರಡು ಕಂಪ್ಯೂಟರ್ ಕೂತಿದ್ದವು.

ಹುಡುಗಿ ಚಿಕ್ಕಮಗಳೂರು ಎಂದು ಹಾಕಿ ಶಾಸನ ಎಂದು ಸೇರಿಸಿದಳು. ಉಪಯೋಗಕ್ಕೆ ಬರುವಂಥದ್ದು ಏನೂ ಬರಲಿಲ್ಲ. ಅಮೃತಾಪುರ ಎಂದು ಹಾಕಿದಳು. ಇಂಗ್ಲಿಷಿನಲ್ಲಿ ‘ರಿ’ ಹಾಕಿ ಬರೆದು ನೋಡಿದಳು, ‘ರು’ ಹಾಕಿ ಬರೆದು ನೋಡಿದಳು. ನಮ್ಮ ಋಕಾರ ಇಂಗ್ಲಿಷಿಗೆ ಹೋದಾಗ ಯಾವ ವೇಷ ಹಾಕುತ್ತದೆ ಎಂಬುದು ಆವತ್ತು ಟೈಪ್ ಮಾಡಿದವರ ಮರ್ಜಿ. ಪ್ರವಾಸದ ಪುಸ್ತಕಗಳು ಬಂದವು. ಶೋಧಗಂಗಾದಲ್ಲಿ ಒಂದಷ್ಟು ಪಿಎಚ್.ಡಿ. ಪ್ರಬಂಧಗಳೂ ಸಿಕ್ಕವು. ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರ ನಡೆಸುವ ಭಂಡಾರ ಅದು. ಪ್ರಬಂಧಗಳ ವಿದ್ಯುನ್ಮಾನ ಪ್ರತಿಯನ್ನೂ ಕೊಡಬೇಕೆಂದು ಯುಜಿಸಿ 2009ರಲ್ಲಿ ನಿಯಮ ಮಾಡಿದ ಮೇಲೆ ದೇಶದ ಪ್ರಬಂಧಗಳೆಲ್ಲ ಅಲ್ಲಿಗೆ ಹರಿದು ಬರುತ್ತಿವೆ. ಒಂದೊಂದು ಅಧ್ಯಾಯ ಒಂದೊಂದು ಕಡತ. ಇವಳು ಮೊದಲ ಅಧ್ಯಾಯದಿಂದ ಶುರು ಮಾಡಿ ಪೀಠಿಕೆಯಲ್ಲೇ ಮಧ್ಯಾಹ್ನ ಮಾಡಿದಳು.

ಪುಸ್ತಕಗಳನ್ನು ಕಪಾಟಿಗೆ ಮರಳಿ ಜೋಡಿಸುತ್ತಿದ್ದ ಹಿರಿಯರೊಬ್ಬರು ನಮ್ಮನ್ನು ಬೆಳಗಿನಿಂದ ನೋಡುತ್ತಲೇ ಇದ್ದರು. ತಳ್ಳುಗಾಡಿ ನಿಲ್ಲಿಸಿ ಬಂದು ಹೇಳಿದರು: “ಪ್ರಬಂಧಾನ ಹಿಂದ್ಲಿಂದ ಓದಮ್ಮಾ. ಕೊನೇ ಕಡತ ತೆಗಿ, ಗ್ರಂಥಋಣ ಅಂತ ಇರುತ್ತೆ.” ಆಮೇಲೆ ನನ್ನ ಕಡೆ ತಿರುಗಿ, “ಮೇಷ್ಟ್ರೇ, ನೀವು ಊರು ಹಿಡ್ಕೊಂಡು ಹುಡುಕ್ತಾ ಇದೀರಿ. ಕವೀನ ಹಿಡೀರಿ” ಎಂದರು.

ಗ್ರಂಥಋಣ. ಎಷ್ಟು ಒಳ್ಳೆಯ ಪದ! ಸಾಲ ಮಾಡಿದವನೇ ಸಾಲ ಕೊಟ್ಟವರ ವಿಳಾಸವನ್ನೆಲ್ಲ ಪಟ್ಟಿ ಮಾಡಿ ಕೊಟ್ಟಿರುತ್ತಾನೆ, ನಾವು ಮಾತ್ರ ಆ ಪುಟ ತಿರುವುವುದಿಲ್ಲ. ಅವರ ಎರಡನೆಯ ಮಾತು ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಡ್ಯೂಯಿ ಪದ್ಧತಿಯಲ್ಲಿ ಪುಸ್ತಕ ಜೋಡಿಸುವಲ್ಲಿ ಕರ್ನಾಟಕದ ಇತಿಹಾಸಕ್ಕೆ 954.87, ಕನ್ನಡ ಸಾಹಿತ್ಯಕ್ಕೆ 894.814. ಅಮೃತಾಪುರದ ಕಲ್ಲು ಇವೆರಡರ ನಡುವೆ ಸಿಕ್ಕಿಕೊಂಡಿದೆ. ದಾನ, ದಂಡನಾಯಕ, ಇಮ್ಮಡಿ ಬಲ್ಲಾಳನ ಕಾಲ ಎಂದರೆ ಅದು ಇತಿಹಾಸದ ಕಪಾಟು. ಕಂದ, ವೃತ್ತ, ಜನ್ನ ಎಂದರೆ ಸಾಹಿತ್ಯದ ಕಪಾಟು. ನಾವು ಬೆಳಗಿನಿಂದ ಮೊದಲನೆಯದರ ಮುಂದೆಯೇ ಸತ್ಯಾಗ್ರಹ ಕೂತಿದ್ದೆವು.

ಎದ್ದು 894.814ರ ಸಾಲಿಗೆ ಹೋದೆ. ಕರ್ಣಾಟಕ ಕವಿಚರಿತೆಯ ಮೊದಲ ಸಂಪುಟ, 1907ರಲ್ಲಿ ಮೊದಲು ಅಚ್ಚಾದದ್ದು. ಕಾಲೇಜಿನಲ್ಲಿ ಇದನ್ನು ಎಷ್ಟು ಸಲ ತೆರೆದಿದ್ದೆನೋ, ಆದರೆ ಕವಿಯ ಕಾಲ, ಮತ, ಗ್ರಂಥ ನೋಡಿಕೊಂಡು ಮುಚ್ಚಿದ್ದೇ ಹೆಚ್ಚು. ಈ ಸಲ ಸಾಲು ಬಿಡದೆ ಓದಿದೆ. ಜನ್ನ ಬರೆದ ಶಾಸನಗಳು ಎಂದು ಎರಡನ್ನು ಹೆಸರಿಸಿತ್ತು. ಚನ್ನರಾಯಪಟ್ಟಣ 179, ಕಾಲ 1191. ತರೀಕೆರೆ 45, ಕಾಲ 1197.

“ತರೀಕೆರೆ ನಲವತ್ತೈದು ಅಂದ್ರೆ ಏನ್ ಸಾರ್? ಮೈಲಿಗಲ್ಲಾ?” ಹುಡುಗಿ ಕೇಳಿದಳು.

ತಮಾಷೆಗೆ ಕೇಳಿದ್ದಲ್ಲ. ಈ ಎರಡು ಪದದ ಗುಟ್ಟು ಗೊತ್ತಿಲ್ಲದವರಿಗೆ ಅದು ಮೈಲಿಗಲ್ಲೇ. ಬಿ.ಎಲ್. ರೈಸ್ ಹಳೆಯ ಮೈಸೂರಿನ ಶಾಸನಗಳನ್ನು ಎಪಿಗ್ರಾಫಿಯಾ ಕರ್ನಾಟಿಕಾ ಎಂಬ ಸಂಪುಟಗಳಲ್ಲಿ ಪ್ರಕಟಿಸಿದಾಗ ಜಿಲ್ಲಾವಾರು ಸಂಪುಟ, ಅದರೊಳಗೆ ತಾಲ್ಲೂಕಿಗೊಂದು ಭಾಗ, ಭಾಗದೊಳಗೆ ಕಲ್ಲಿಗೊಂದು ಸಂಖ್ಯೆ ಎಂದು ಏರ್ಪಾಟು ಮಾಡಿದರು. ತರೀಕೆರೆ 45 ಎಂದರೆ ತರೀಕೆರೆ ತಾಲ್ಲೂಕಿನ ಭಾಗದಲ್ಲಿ ನಲವತ್ತೈದನೆಯ ಕಲ್ಲು. ಒಂಬತ್ತು ಸಾವಿರಕ್ಕೆ ಹತ್ತಿರದಷ್ಟು ಶಾಸನಗಳು ಹೀಗೆ ಒಂದೊಂದು ಊರಿನ ಹೆಸರು, ಒಂದೊಂದು ಅಂಕಿ ಹೊತ್ತು ನಿಂತಿವೆ. ನೂರು ವರ್ಷಕ್ಕೂ ಮೇಲ್ಪಟ್ಟು ಕನ್ನಡದ ವಿದ್ವಾಂಸರು ಪರಸ್ಪರ ಮಾತಾಡಿಕೊಂಡದ್ದು ಈ ಅಂಕಿಗಳಲ್ಲೇ.

ಹಾಗಾದರೆ ನಮ್ಮ ಜಿಲ್ಲೆಯ ಸಂಪುಟ ಯಾವುದು? ಮತ್ತೆ ಕಂಪ್ಯೂಟರಿನ ಮುಂದೆ ಕೂತು ಎಪಿಗ್ರಾಫಿಯಾ, ಚಿಕ್ಕಮಗಳೂರು ಎಂದು ಹಾಕಿದೆವು. ರೈಸರ ಸಂಪುಟ ಬರಲೇ ಇಲ್ಲ. ಆಗ ತಲೆಗೆ ಹೊಳೆಯಿತು ನೋಡಿ, ಹೊಳೆದದ್ದಕ್ಕಿಂತ ನಾಚಿಕೆಯಾದದ್ದೇ ಹೆಚ್ಚು. 1901ರಲ್ಲಿ ಚಿಕ್ಕಮಗಳೂರು ಜಿಲ್ಲೆ ಎಲ್ಲಿತ್ತು? ಇದ್ದದ್ದು ಕಡೂರು ಜಿಲ್ಲೆ! ಕಚೇರಿಗಳು 1865ರಲ್ಲೇ ಕಡೂರು ಬಿಟ್ಟು ಚಿಕ್ಕಮಗಳೂರಿಗೆ ಹೋಗಿದ್ದವು, ಆದರೂ ಜಿಲ್ಲೆಯ ಹೆಸರು 1947ರ ತನಕ ಕಡೂರೇ. ಬಸ್ಸಿಳಿದು ಪ್ರತಿದಿನ ಮನೆಗೆ ನಡೆದು ಹೋಗುವ ನನ್ನ ಸ್ವಂತ ಊರಿನ ಹೆಸರನ್ನು ನಾನು ಆ ಪೆಟ್ಟಿಗೆಯಲ್ಲಿ ಬರೆಯದೆ ಅರ್ಧ ದಿನ ಕಳೆದಿದ್ದೆ.

ಕಡೂರು ಎಂದು ಹಾಕಿದ ಕೂಡಲೇ ಬಂತು: ಆರನೆಯ ಸಂಪುಟ, ಕಡೂರು ಜಿಲ್ಲೆಯ ಶಾಸನಗಳು, 1901. ಇನ್ನೂ ನಾಚಿಕೆಯ ಸಂಗತಿ ಏನೆಂದರೆ ಈ ಸಂಪುಟಗಳ ಸ್ಕ್ಯಾನ್ ಪ್ರತಿಗಳು ಇಂಟರ್ನೆಟ್ ಆರ್ಕೈವಿನಲ್ಲಿ ಪುಕ್ಕಟೆ ಸಿಗುತ್ತವೆ. ಗುಡಿಯ ಮಂಟಪದಲ್ಲಿ ಕೂತೇ ಫೋನಿನಲ್ಲಿ ತೆಗೆಯಬಹುದಿತ್ತು. ಆದರೆ ಯಾವ ಹೆಸರು ಹಿಡಿದು ಕರೆದರೆ ಬರುತ್ತದೆಂದು ಗೊತ್ತಿಲ್ಲದಿದ್ದರೆ ಪಕ್ಕದ ಮನೆಯವನನ್ನೂ ಕರೆಯಲಾಗುವುದಿಲ್ಲ.

ಹಿರಿಯರು ತಂದಿಟ್ಟ ಸಂಪುಟದ ಬೆನ್ನು ಸವೆದು ದಾರ ಕಾಣುತ್ತಿತ್ತು. ಹುಡುಗಿ ಆಸೆಯಿಂದ ತಾಲ್ಲೂಕುಗಳ ಪಟ್ಟಿಯಲ್ಲಿ ಅಜ್ಜಂಪುರ ಹುಡುಕಿದಳು. ಇರಲಿಲ್ಲ. ಅವಳ ಮುಖ ಸಣ್ಣಗಾಯಿತು. ಅಜ್ಜಂಪುರ ತಾಲ್ಲೂಕಾದದ್ದು ಮೊನ್ನೆ ಮೊನ್ನೆ. ರೈಸರ ಕಾಲಕ್ಕೆ ಅದು ತರೀಕೆರೆಯ ಒಳಗಿತ್ತು. “ನಿಮ್ಮೂರಿನದು ಬೇಕಾದ್ರೆ ತರೀಕೆರೆ ಭಾಗದಲ್ಲೇ ನೋಡಬೇಕಮ್ಮಾ” ಎಂದೆ. ಮುಂದೆ ಯಾರಾದರೂ ಹುಡುಕುವಾಗ ಈ ಮಾತು ಮರೆತರೆ ಅಜ್ಜಂಪುರದಲ್ಲಿ ಶಾಸನವೇ ಇಲ್ಲವೆಂದು ಬರೆದುಬಿಡುತ್ತಾರೆ. ಮೈಸೂರು ವಿಶ್ವವಿದ್ಯಾಲಯದ ಕನ್ನಡ ಅಧ್ಯಯನ ಸಂಸ್ಥೆ 1972ರಿಂದ ಹೊರತಂದ ಪರಿಷ್ಕೃತ ಸಂಪುಟಗಳಲ್ಲಿ ಸಂಖ್ಯೆಗಳೂ ಬೇರೆ. ಹಾಗಾಗಿ ಹಳೆಯ ಅಂಕಿ ಹಿಡಿದು ಹೊಸ ಸಂಪುಟ ತೆರೆದರೆ ಬೇರೆ ಯಾರದೋ ಕಲ್ಲಿನ ಮುಂದೆ ನಿಂತಿರುತ್ತೇವೆ. ಎರಡನ್ನೂ ಬರೆದುಕೊಳ್ಳುವುದು ಕ್ಷೇಮ.

ತರೀಕೆರೆ 45 ಸಿಕ್ಕಿತು. ರೈಸರ ಸಂಪುಟದಲ್ಲಿ ಒಂದೇ ಕಲ್ಲು ಮೂರು ಕಡೆ ಬರುತ್ತದೆ: ಕನ್ನಡ ಲಿಪಿಯಲ್ಲಿ ಒಮ್ಮೆ, ರೋಮನ್ ಲಿಪಿಯಲ್ಲಿ ಒಮ್ಮೆ, ಇಂಗ್ಲಿಷ್ ಅನುವಾದದಲ್ಲಿ ಒಮ್ಮೆ. ಹುಡುಗಿ ಅನುವಾದದ ಕಡೆ ಓಡಿದಳು, ನಾನು ಕನ್ನಡದ ಕಡೆ. ಒದ್ದೆ ಕಾಗದವನ್ನು ಕಲ್ಲಿಗೆ ಹೊದಿಸಿ, ಬ್ರಶ್ಶಿನಿಂದ ಬಡಿದು, ಮೇಲೆ ಮಸಿ ಒತ್ತಿ ಪಡಿಯಚ್ಚು ತೆಗೆಯುವವರನ್ನು ನಾನು ನೋಡಿದ್ದೇನೆ. ಆ ಗುಡಿಯ ಅಂಗಳದ ಬಿಸಿಲಿನಲ್ಲಿ ಒಂದೊಂದೇ ಅಕ್ಷರ ಬಿಡಿಸುತ್ತ ಕೂತವರನ್ನು ಪುಟದ ಹಿಂದೆ ಊಹಿಸಿಕೊಳ್ಳುವುದು ಕಷ್ಟವಾಗಲಿಲ್ಲ. ರೈಸರ ನಂತರ ಮೈಸೂರಿನ ಪುರಾತತ್ವ ಇಲಾಖೆಯ ಹೊಣೆ ಹೊತ್ತ ಆರ್. ನರಸಿಂಹಾಚಾರ್ಯರೇ ಕವಿಚರಿತೆಯ ಕರ್ತೃಗಳಲ್ಲಿ ಒಬ್ಬರು. ಶಾಸನದ ಮಸಿ, ಓಲೆಗರಿಯ ಧೂಳು ಎರಡೂ ಹತ್ತಿದ ಕೈ ಅದು. ಇವತ್ತು ಎರಡು ಕಪಾಟುಗಳಲ್ಲಿ ದೂರ ದೂರ ಕೂತಿರುವ ಪುಸ್ತಕಗಳು ಆವತ್ತು ಒಂದೇ ಮೇಜಿನ ಮೇಲೆ ಇದ್ದಿರಬೇಕು.

ಕಲ್ಲು 1197ರದು, ಅಚ್ಚಾದದ್ದು 1901, ಕವಿಚರಿತೆ 1907. ಹುಡುಗಿ ಮೂರನ್ನೂ ಕೆಳಗೆ ಕೆಳಗೆ ಬರೆದುಕೊಂಡಳು. ಆಮೇಲೆ ನನ್ನನ್ನು ಇನ್ನೊಂದು ಕೇಳಿದಳು: “ಯಶೋಧರ ಚರಿತೆ ಯಾವ ವರ್ಷ ಸಾರ್?” 1209 ಎಂದೆ. “ಹಂಗಾದ್ರೆ ಇದು ಹನ್ನೆರಡು ವರ್ಷ ಮೊದಲಿಂದು.” ಜನ್ನನ ಇನ್ನೊಂದು ಕಾವ್ಯ ಅನಂತನಾಥ ಪುರಾಣ 1230. ಅಂದರೆ ನಾನು ತರಗತಿಯಲ್ಲಿ ಜನ್ನನನ್ನು 1209ರಿಂದ ಶುರು ಮಾಡುತ್ತಿದ್ದೆ. ಅಷ್ಟು ಹೊತ್ತಿಗೆ ಅವನು ಎರಡು ಕಲ್ಲು ಬರೆದು ಮುಗಿಸಿದ್ದ, ಒಂದು ನಮ್ಮ ಮಗ್ಗುಲಲ್ಲೇ. ಓಲೆಗರಿಯ ಕಾವ್ಯ ಪ್ರತಿಯಿಂದ ಪ್ರತಿಗೆ ಬದಲಾಗುತ್ತ ಬರುತ್ತದೆ. ಕಲ್ಲು ಕೆತ್ತಿದ ದಿನ ಇದ್ದ ಹಾಗೇ ಇದೆ.

ಜೆರಾಕ್ಸ್ ಮಾಡಿಸಲು ಪುಟ ಗುರುತು ಹಾಕುತ್ತಿದ್ದಾಗ ಸಂಪುಟ ಜಾರಿ ಬೇರೆ ಕಡೆ ತೆರೆದುಕೊಂಡಿತು. ಕಡೂರು ತಾಲ್ಲೂಕಿನ ಭಾಗ, ಮೊದಲ ಸಂಖ್ಯೆ: ಕಡೂರು 1. ಗಂಗ ಬೂತುಗನ ಅಕ್ಕ ಪಾಂಬಬ್ಬೆ ಎಂಬವಳದು. ತಲೆಗೂದಲು ಕಿತ್ತುಕೊಂಡು ಮೂವತ್ತು ವರ್ಷ ತಪಸ್ಸು ಮಾಡಿ 971ರಲ್ಲಿ ತೀರಿಕೊಂಡಳಂತೆ. ಕಂಪ್ಯೂಟರಿನಲ್ಲಿ ಇವಳನ್ನು ನಾವು ಹುಡುಕುತ್ತಲೇ ಇರಲಿಲ್ಲ, ಹೆಸರೇ ಗೊತ್ತಿರಲಿಲ್ಲವಲ್ಲ.

“ಸಾರ್, ಇದು ನಿಮ್ಮೂರಲ್ವಾ? ಈ ಕಲ್ಲು ಎಲ್ಲಿದೆ?”

ನಾನು ಪುಟ ನೋಡುತ್ತ ಸುಮ್ಮನಿದ್ದೆ. ಹಿರಿಯರು ಕಿಟಕಿ ಮುಚ್ಚತೊಡಗಿದ್ದರು.

ಸಂಜೆಯ ರೈಲಿನಲ್ಲಿ ತರೀಕೆರೆ ದಾಟಿತು, ಬೀರೂರು ಬಂತು. ಅಜ್ಜಂಪುರಕ್ಕೆ ಹೋಗುವವರು ಇಳಿದು ಗಾಡಿ ಬದಲಿಸುವ ಜಾಗ. ಅವಳು ಏಳಲಿಲ್ಲ. ಮನೆಗೆ ಫೋನು ಮಾಡಿ, “ಅಮ್ಮಾ, ಇವತ್ತು ಕಡೂರಲ್ಲಿ ಚಿಕ್ಕಮ್ಮನ ಮನೇಲಿ ಉಳೀತೀನಿ, ನಾಳೆ ಬೆಳಿಗ್ಗೆ ಒಂದು ಕಲ್ಲು ನೋಡೋದಿದೆ” ಎಂದಳು.