ಸಿಡಿ4 ಎಷ್ಟಿದೆ?

ಮೈಸೂರಿನ ಲಕ್ಷ್ಮೀಪುರಂನಿಂದ ಕೆ.ಆರ್. ಆಸ್ಪತ್ರೆ ದೂರವೇನಲ್ಲ. ಅಲ್ಲಿನ ಎಆರ್‌ಟಿ, ಅಂದರೆ ಎಚ್‌ಐವಿಯನ್ನು ಹತ್ತಿಕ್ಕುವ ಮಾತ್ರೆಗಳ ಚಿಕಿತ್ಸೆಯ ಕೇಂದ್ರಕ್ಕೆ ಮೊದಲ ಸಲ ಬಂದವರಿಗೆ ಎಚ್‌ಐವಿ ಇರುವುದು ಆಗಲೇ ಗೊತ್ತಾಗಿರುತ್ತದೆ. ವೈರಸ್ ಒಳಗೆ ಎಷ್ಟು ಹಾಳುಗೆಡವಿದೆ ಎಂಬುದನ್ನು ಇನ್ನು ರಕ್ತವೇ ಹೇಳಬೇಕು.

ಒಂದು ಬಗೆಯ ಬಿಳಿ ರಕ್ತಕಣದ ಮೈಮೇಲೆ ಸಿಡಿ4 ಎಂಬ ಪ್ರೋಟೀನ್ ಇರುತ್ತದೆ. ಸೋಂಕಿನ ವಿರುದ್ಧ ಉಳಿದ ಕಣಗಳನ್ನು ಎಬ್ಬಿಸಿ ಕೆಲಸಕ್ಕೆ ಹಚ್ಚುವುದು ಈ ಕಣವೇ. ಎಚ್‌ಐವಿ ಒಳನುಗ್ಗಲು ಹಿಡಿದುಕೊಳ್ಳುವುದೂ ಇದೇ ಪ್ರೋಟೀನನ್ನು ಎಂದು 1984ರಲ್ಲಿ ತಿಳಿಯಿತು. ಈ ಕಣಗಳನ್ನು ಎಣಿಸುವ ಯಂತ್ರದ ಹೆಸರು ಫ್ಲೋ ಸೈಟೋಮೀಟರ್. ಸಿಡಿ4ಗೆ ಅಂಟಿಕೊಂಡು ಹೊಳೆಯುವ ಆ್ಯಂಟಿಬಾಡಿಯನ್ನು ರಕ್ತಕ್ಕೆ ಬೆರೆಸಿ, ಕಣಗಳನ್ನು ಒಂದೊಂದಾಗಿ ಲೇಸರ್ ಮುಂದೆ ಹರಿಸಿದರೆ ಹೊಳೆದವು ಲೆಕ್ಕಕ್ಕೆ ಬರುತ್ತವೆ.

ಆರೋಗ್ಯವಂತ ವಯಸ್ಕರ ಒಂದು ಘನ ಮಿಲಿಮೀಟರ್ ರಕ್ತದಲ್ಲಿ ಸುಮಾರು 500ರಿಂದ 1500 ಸಿಡಿ4 ಕಣಗಳಿರುತ್ತವೆ. 200ಕ್ಕಿಂತ ಕೆಳಗಿಳಿದರೆ ಸಾಮಾನ್ಯರನ್ನು ಕಾಡದ ಶಿಲೀಂಧ್ರಗಳು ಶ್ವಾಸಕೋಶ, ಮಿದುಳಿನ ಪೊರೆಗಳಿಗೆ ಹತ್ತುತ್ತವೆ. 50ರ ಕೆಳಗೆ ಕಣ್ಣಿಗೂ ಅಪಾಯ. ಕ್ಷಯ ಮಾತ್ರ ಅಷ್ಟು ಇಳಿಯುವ ತನಕ ಕಾಯುವುದಿಲ್ಲ.

ಆದರೆ ಒಂದು ಸಲದ ಸಂಖ್ಯೆ ಕಂಡು ಹೆದರಬೇಕಿಲ್ಲ, ಹಿಗ್ಗಬೇಕಿಲ್ಲ. ಅದೇ ವ್ಯಕ್ತಿಯಲ್ಲಿ ಬೆಳಿಗ್ಗೆ ಒಂದು, ಸಂಜೆ ಒಂದು ಬರಬಹುದು. ಜ್ವರ, ಬಸಿರು ಕೂಡ ಲೆಕ್ಕ ಬದಲಿಸುತ್ತವೆ. ನೋಡಬೇಕಾದದ್ದು ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬುದನ್ನು. ಐದು ವರ್ಷದೊಳಗಿನ ಮಕ್ಕಳಲ್ಲಿ ಈ ಕಣಗಳು ಸಹಜವಾಗಿಯೇ ಹೆಚ್ಚು, ಅವರಿಗೆ ಶೇಕಡಾವಾರು ಲೆಕ್ಕ.

ಸಿಡಿ4 ಎಷ್ಟು ಬೇಗ ಇಳಿಯುತ್ತದೆ ಎಂದು ಹೇಳುವುದು ವೈರಲ್ ಲೋಡ್, ಅಂದರೆ ರಕ್ತದಲ್ಲಿರುವ ವೈರಸ್ಸಿನ ಪ್ರಮಾಣ. ಅಮೆರಿಕದ ವಿಜ್ಞಾನಿ ಜಾನ್ ಕಾಫಿನ್ ಇದನ್ನು ಅಪಘಾತದತ್ತ ಓಡುವ ರೈಲಿಗೆ ಹೋಲಿಸಿದರು: ಸಿಡಿ4 ಉಳಿದಿರುವ ದೂರ, ವೈರಲ್ ಲೋಡ್ ರೈಲಿನ ವೇಗ. ಅಲ್ಲಿನವರೇ ಆದ ಸಂಶೋಧಕ ಜಾನ್ ಮೆಲ್ಲರ್ಸ್ ಮತ್ತು ಸಂಗಡಿಗರು ಶೀತಲೀಕರಿಸಿಟ್ಟಿದ್ದ ಹಳೆಯ ರಕ್ತವನ್ನು ಪರೀಕ್ಷಿಸಿ 1997ರಲ್ಲಿ ಪ್ರಕಟಿಸಿದ ಲೆಕ್ಕ ಕಠೋರವಾಗಿದೆ. ವೈರಸ್ ತೀರಾ ಹೆಚ್ಚಿದ್ದವರಲ್ಲಿ 100ಕ್ಕೆ ಸುಮಾರು 70 ಮಂದಿ ಆರು ವರ್ಷಗಳಲ್ಲಿ ಏಡ್ಸ್‌ನಿಂದ ತೀರಿಕೊಂಡಿದ್ದರು. ತೀರಾ ಕಡಿಮೆ ಇದ್ದವರಲ್ಲಿ ಒಬ್ಬರೂ ಪೂರ್ತಿ ಅಲ್ಲ.

ಸಿಡಿ4 ಎಣಿಸುವ ಯಂತ್ರವಿಲ್ಲದ ಕಡೆ ಸಾಧಾರಣ ರಕ್ತಪರೀಕ್ಷೆಯನ್ನೇ ನೆಚ್ಚಿಕೊಂಡ ಕಾಲವೂ ಇತ್ತು. ಒಟ್ಟು ಲಿಂಫೋಸೈಟ್‌ಗಳು (ಸಿಡಿ4 ಕಣಗಳೂ ಸೇರುವ ಬಿಳಿ ರಕ್ತಕಣಗಳ ಗುಂಪು) 1200ಕ್ಕಿಂತ ಕಡಿಮೆಯಿದ್ದು ರೋಗಲಕ್ಷಣಗಳೂ ಕಂಡರೆ ಚಿಕಿತ್ಸೆ ಶುರುಮಾಡಬಹುದು ಎಂದಿತ್ತು ವಿಶ್ವ ಆರೋಗ್ಯ ಸಂಸ್ಥೆ. ಒರಟು ಅಳತೆ, ಆದರೂ ಏನೂ ಇಲ್ಲದ್ದಕ್ಕಿಂತ ವಾಸಿ. ಹಿಮೋಗ್ಲೋಬಿನ್ ಕುಸಿದಿದ್ದರೆ ಅದೂ ಕೆಟ್ಟ ಸೂಚನೆಯೇ.

ಈ ಭವಿಷ್ಯವೆಲ್ಲ ಮಾತ್ರೆ ನುಂಗದವರದು ಎಂಬುದನ್ನು ಮರೆಯಬಾರದು. ಭಾರತದಲ್ಲಿ ಉಚಿತ ಎಆರ್‌ಟಿ ಶುರುವಾದದ್ದು 2004ರಲ್ಲಿ. ಆಗ ಸಿಡಿ4 ಇಳಿಯುವವರೆಗೆ ಕಾಯಬೇಕಿತ್ತು. ಮಿತಿ ಕ್ರಮೇಣ ಸಡಿಲವಾಯಿತು. ಬೇಗ ಆರಂಭಿಸಿದರೆ ಗಂಭೀರ ಕಾಯಿಲೆ ಅಥವಾ ಸಾವಿನ ಅಪಾಯ ಒಟ್ಟಾರೆಯಾಗಿ ಅರ್ಧಕ್ಕಿಂತ ಹೆಚ್ಚು ತಗ್ಗುತ್ತದೆಂದು 2015ರಲ್ಲಿ ‘ಸ್ಟಾರ್ಟ್’ ಅಧ್ಯಯನ ತೋರಿಸಿತು. 2017ರಿಂದ ಇಲ್ಲಿಯೂ ಸಿಡಿ4 ಎಷ್ಟೇ ಇರಲಿ, ಚಿಕಿತ್ಸೆ ಉಂಟು.

ಹಾಗಾದರೆ ಎಣಿಸುವುದೇಕೆ? ತಡವಾಗಿ ಬಂದವರಿಗಾಗಿ. 200ರ ಕೆಳಗಿದ್ದರೆ ಎಆರ್‌ಟಿ ಒಂದೇ ಸಾಲದು. ಅಡಗಿರುವ ಸೋಂಕುಗಳನ್ನು ಹುಡುಕಬೇಕು, ತಡೆಯುವ ಮಾತ್ರೆಯನ್ನೂ ಕೊಡಬೇಕು. ಸಂಶಯವಿರುವವರು ಮೈ ಗಟ್ಟಿಯಿರುವಾಗಲೇ ಪರೀಕ್ಷೆ ಮಾಡಿಸಿಕೊಳ್ಳಿ. ವಿಚಾರಿಸಲು 1097ಕ್ಕೆ ಕರೆ ಮಾಡಿ, ಕರೆ ಉಚಿತ.